ತೂಕದ ಯಂತ್ರಕ್ಕೆ ಕಾಣದ ಕಾಯಿಲೆ

ಓದುಗರ ಪ್ರಶ್ನೆ, ಮನೋವೈದ್ಯರ ಉತ್ತರ

ಈ ಸಂಚಿಕೆಗೆ ಆಯ್ದುಕೊಂಡ ಮೂರು ಪತ್ರಗಳೂ ಕೊಡಗಿನಿಂದ ಬಂದವು. ಬರೆದವರು ಒಬ್ಬರಿಗೊಬ್ಬರು ಪರಿಚಿತರಲ್ಲದಿದ್ದರೂ ಕೇಳಿರುವುದು ಹೆಚ್ಚುಕಡಿಮೆ ಒಂದೇ ಕಾಯಿಲೆಯ ವಿಚಾರವಾದ್ದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದೆ.

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆಯ ಕಾಫಿ ತೋಟದ ಮನೆ. 19 ವರ್ಷದ ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದು ಪದವಿ ಓದುತ್ತಿದ್ದಾಳೆ. ಪುತ್ತರಿಗೆ ಬಂದವಳು ಎಲ್ಲರೆದುರು ಒಂದು ಕಡಂಬುಟ್ಟನ್ನೂ ಪೂರ್ತಿ ತಿನ್ನಲಿಲ್ಲ. ಆದರೆ ರಾತ್ರಿ ಅಡುಗೆಮನೆಯಲ್ಲಿ ಉಳಿದಿದ್ದ ರೊಟ್ಟಿ, ತಂಬುಟ್ಟು, ಬಿಸ್ಕತ್ತು ಬೆಳಗಾಗುವಷ್ಟರಲ್ಲಿ ಖಾಲಿಯಾಗಿರುತ್ತಿದ್ದವು. ಊಟವಾದ ಕೂಡಲೇ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಇರುತ್ತಾಳೆ. ಕಿವಿಯ ಕೆಳಗೆ ಎರಡೂ ಕೆನ್ನೆ ಊದಿದಂತಿವೆ. ಮಂಗನಬಾವು ಇರಬಹುದೆಂದು ಮದ್ದು ಮಾಡಿದೆವು. ಹಲ್ಲು ಜುಮ್ಮೆನ್ನುತ್ತದೆಂದು ತೋರಿಸಿದಾಗ ದಂತವೈದ್ಯರು, ಮೇಲಿನ ಮುಂಭಾಗದ ಹಲ್ಲುಗಳು ಒಳಬದಿಯಲ್ಲಿ ಸವೆದಿವೆ ಎಂದು ಹೇಳಿ, ಆಗಾಗ ವಾಂತಿಯಾಗುತ್ತದೆಯೇ ಎಂದು ಕೇಳಿದರು. ಮಗಳು ಇಲ್ಲವೆಂದಳು. ಅವಳೇನೂ ಸಣ್ಣಗಾಗಿಲ್ಲ, ತೂಕ ಮೊದಲಿನಷ್ಟೇ ಇದೆ. ನಮ್ಮ ಅತ್ತೆ ದೃಷ್ಟಿ ತಾಗಿದೆ ಎನ್ನುತ್ತಾರೆ, ಅವಳಪ್ಪ ಇದೆಲ್ಲ ಕೊಬ್ಬು ಎನ್ನುತ್ತಾರೆ. ಡಾಕ್ಟರೇ, ಇದು ಕಾಯಿಲೆಯೇ? ಅವಳ ಬಳಿ ಹೇಗೆ ಮಾತೆತ್ತಲಿ, ಎಲ್ಲಿಗೆ ಕರೆದುಕೊಂಡು ಹೋಗಲಿ?
— ಹೆಸರು ಬೇಡ, ದಕ್ಷಿಣ ಕೊಡಗು

ಉತ್ತರ: ಪತ್ರ ಓದಿ ರೋಗನಿರ್ಣಯ ಮಾಡಲಾಗದು. ಆದರೂ ನೀವು ಗಮನಿಸಿರುವ ಸಂಗತಿಗಳನ್ನೆಲ್ಲ ಜೋಡಿಸಿ ನೋಡಿದರೆ, ಬುಲಿಮಿಯಾ ನರ್ವೋಸಾ ಎಂಬ ಮಾನಸಿಕ ಕಾಯಿಲೆ ಇರುವ ಸಾಧ್ಯತೆ ಬಲವಾಗಿಯೇ ಕಾಣುತ್ತದೆ. ನಿಮ್ಮ ದಂತವೈದ್ಯರು ಕೇಳಿದ ಪ್ರಶ್ನೆ ಸರಿಯಾದ ಪ್ರಶ್ನೆ. ಈ ಕಾಯಿಲೆಯನ್ನು ಮನೆಯವರಿಗಿಂತ ಮೊದಲು ಪತ್ತೆಹಚ್ಚುವವರು ಎಷ್ಟೋ ಸಲ ಅವರೇ ಆಗಿರುತ್ತಾರೆ.

ತೂಕ ಇಳಿದಿಲ್ಲವೆಂಬ ಕಾರಣಕ್ಕೆ ನೀವು ಅನುಮಾನಪಡುತ್ತಿರುವುದು ಸಹಜ. ಊಟ ಬಿಟ್ಟು ಎಲುಬಿನ ಹಂದರದಂತಾಗುವ ಅನೊರೆಕ್ಸಿಯಾ ನರ್ವೋಸಾ ಬೇರೆ, ಇದು ಬೇರೆ. ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ ಅವರು 1979ರಲ್ಲಿ ಇದನ್ನು ಮೊದಲ ಬಾರಿಗೆ ಪ್ರತ್ಯೇಕವಾಗಿ ಗುರುತಿಸಿ ಹೆಸರಿಟ್ಟರು. ಬುಲಿಮಿಯಾ ಇರುವವರಲ್ಲಿ ಹೆಚ್ಚಿನವರ ತೂಕ ಅವರ ಎತ್ತರಕ್ಕೆ ತಕ್ಕಷ್ಟೇ ಇರುತ್ತದೆ, ಕೆಲವರದು ತುಸು ಹೆಚ್ಚೂ ಇರುತ್ತದೆ. ಆದ್ದರಿಂದಲೇ ಮನೆಯವರಿಗೆ, ಒಮ್ಮೊಮ್ಮೆ ವೈದ್ಯರಿಗೂ, ಇದು ವರ್ಷಗಟ್ಟಲೆ ಕಾಣದೆ ಹೋಗುತ್ತದೆ. ಗ್ಯಾಸ್ಟ್ರಿಕ್ ಮಾತ್ರೆ, ಥೈರಾಯ್ಡ್ ಪರೀಕ್ಷೆ, ರಕ್ತಹೀನತೆಗೆ ಟಾನಿಕ್ ಎಂದು ಕಾಲ ಕಳೆಯುತ್ತದೆ. ತೂಕದ ಯಂತ್ರವನ್ನು ನಂಬಿ ಈ ಕಾಯಿಲೆ ಇಲ್ಲವೆಂದು ತೀರ್ಮಾನಿಸಬಾರದು.

ಹಾಗಾದರೆ ಯಾವುದನ್ನು ಬುಲಿಮಿಯಾ ಎನ್ನಬೇಕು? ಸುಮಾರು ಎರಡು ಗಂಟೆಯೊಳಗೆ, ಬೇರೆಯವರು ಅಷ್ಟು ಹೊತ್ತಿನಲ್ಲಿ ತಿನ್ನುವುದಕ್ಕಿಂತ ಬಹಳ ಹೆಚ್ಚು ತಿನ್ನುವುದು, ತಿನ್ನುವಾಗ ಕೈ ತನ್ನ ಹಿಡಿತದಲ್ಲಿಲ್ಲ ಎನ್ನಿಸುವುದು, ಆಮೇಲೆ ತೂಕ ಏರದಂತೆ ವಾಂತಿ ಮಾಡಿಕೊಳ್ಳುವುದು ಅಥವಾ ಭೇದಿ ಮಾತ್ರೆ, ಉಪವಾಸ, ಅತಿಯಾದ ವ್ಯಾಯಾಮದ ಮೊರೆಹೋಗುವುದು, ಮತ್ತು ತನ್ನ ಯೋಗ್ಯತೆಯನ್ನೆಲ್ಲ ಮೈಕಟ್ಟಿನಿಂದಲೇ ಅಳೆದುಕೊಳ್ಳುವುದು. ಇವು ವಾರಕ್ಕೆ ಒಮ್ಮೆಯಾದರೂ ಮೂರು ತಿಂಗಳ ಕಾಲ ನಡೆದಿದ್ದರೆ, 2013ರಲ್ಲಿ ಪ್ರಕಟವಾದ ಡಿಎಸ್‌ಎಂ-5 ಎಂಬ ಅಮೆರಿಕದ ಮನೋವೈದ್ಯರ ಕೈಪಿಡಿಯ ಪ್ರಕಾರ ಅದು ಬುಲಿಮಿಯಾ. ಮದುವೆ ಮನೆಯಲ್ಲಿ ಪಂದಿ ಕರಿಯನ್ನು ಮತ್ತೆ ಮತ್ತೆ ಬಡಿಸಿಕೊಂಡು ಹೊಟ್ಟೆ ಭಾರವಾಗಿ ಒದ್ದಾಡುವುದು ಇದಲ್ಲ. ಅಲ್ಲಿ ತಿಂದವರಿಗೆ ನಾಚಿಕೆಯಿರುವುದಿಲ್ಲ, ಬಚ್ಚಿಡುವುದೂ ಇರುವುದಿಲ್ಲ. ಬುಲಿಮಿಯಾದಲ್ಲಿ ತಿನ್ನುವುದು ಬಹುಪಾಲು ಒಂಟಿಯಾಗಿ, ಗುಟ್ಟಾಗಿ, ರುಚಿಯೂ ತಿಳಿಯದಷ್ಟು ವೇಗವಾಗಿ ನಡೆಯುತ್ತದೆ.

ನೀವು ಮಂಗನಬಾವು ಎಂದುಕೊಂಡ ಊತಕ್ಕೆ ಬಹುಶಃ ಬೇರೆ ಕಾರಣವಿದೆ. ಮೇಲಿಂದ ಮೇಲೆ ವಾಂತಿ ಮಾಡಿಕೊಳ್ಳುವವರಲ್ಲಿ ಕಿವಿಯ ಮುಂದೆ, ಕೆಳಗೆ ಇರುವ ಜೊಲ್ಲಿನ ಗ್ರಂಥಿಗಳು ದೊಡ್ಡದಾಗುತ್ತವೆ. ಮಂಗನಬಾವಾದರೆ ನೋವು, ಜ್ವರ ಇದ್ದು ಒಂದೆರಡು ವಾರದಲ್ಲಿ ಇಳಿಯುತ್ತದೆ; ಇದು ಸಾಮಾನ್ಯವಾಗಿ ನೋವಿಲ್ಲದೆ ಉಳಿದುಕೊಳ್ಳುತ್ತದೆ. ಹಲ್ಲಿನ ಒಳಬದಿ ಸವೆಯುವುದು ಜಠರದ ಆಮ್ಲದಿಂದ. ಬೆರಳನ್ನು ಗಂಟಲಿಗೆ ಹಾಕುವವರ ಬೆರಳಿನ ಗಿಣ್ಣುಗಳ ಮೇಲೆ ಹಲ್ಲು ತಾಗಿ ಗಟ್ಟಿಯಾದ ಕಲೆಗಳು ಮೂಡುತ್ತವೆ. ವೈದ್ಯರು ಇದನ್ನು ರಸೆಲ್ ಚಿಹ್ನೆ ಎನ್ನುತ್ತಾರೆ. ಎಲ್ಲರಲ್ಲೂ ಅದು ಕಾಣುವುದಿಲ್ಲವಾದ್ದರಿಂದ ಮಗಳ ಕೈ ಹಿಡಿದು ಪರೀಕ್ಷಿಸಲು ಹೋಗಬೇಡಿ. ಮುಟ್ಟು ಏರುಪೇರಾಗುವುದು, ಎದೆಯುರಿ, ಮಲಬದ್ಧತೆ, ಸದಾ ಸುಸ್ತು ಇವೂ ಜೊತೆಗಿರಬಹುದು. ಇವೆಲ್ಲಕ್ಕಿಂತ ನನಗೆ ಆತಂಕ ತರುವುದು ಕಣ್ಣಿಗೆ ಕಾಣದ ಇನ್ನೊಂದು. ಪದೇ ಪದೇ ವಾಂತಿ ಮಾಡಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಅದು ತೀರ ಇಳಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಪ್ರಾಣಕ್ಕೂ ಎರವಾಗಬಹುದು. ನೋಡಲು ಆರೋಗ್ಯವಾಗಿರುವ ಹುಡುಗಿಯಲ್ಲಿಯೂ ಇದು ಆಗಬಹುದಾದ್ದರಿಂದ, ಮೊದಲ ಭೇಟಿಯಲ್ಲೇ ಪೊಟ್ಯಾಸಿಯಂ ಸೇರಿದಂತೆ ರಕ್ತದ ಲವಣಾಂಶಗಳ ಪರೀಕ್ಷೆ ಮತ್ತು ಒಂದು ಇಸಿಜಿ ಆಗಲೇಬೇಕು.

ಅವಳಪ್ಪ ಹೇಳಿದ ಮಾತಿನ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು. ಇದು ಕೊಬ್ಬೂ ಅಲ್ಲ, ಬಾಯಿಚಪಲವೂ ಅಲ್ಲ. ಹೊರಗಿನಿಂದ ನೋಡುವವರಿಗೆ ಅತಿಯಾಗಿ ತಿನ್ನುವುದೇ ಕಾಯಿಲೆಯಂತೆ ಕಾಣುತ್ತದೆ. ಆದರೆ ಬಹುತೇಕರಲ್ಲಿ ಚಕ್ರ ತಿರುಗಲು ತೊಡಗುವುದು ತಿನ್ನದೆ ಇರುವುದರಿಂದ. ಬೆಳಿಗ್ಗೆ ಸಕ್ಕರೆಯಿಲ್ಲದ ಕರಿ ಕಾಫಿ, ಮಧ್ಯಾಹ್ನ ಏನೋ ನೆಪ ಹೇಳಿ ಊಟ ತಪ್ಪಿಸುವುದು, ಅನ್ನ ಮುಟ್ಟಬಾರದು, ಸಿಹಿ ಮುಟ್ಟಬಾರದು ಎಂಬ ಕಟ್ಟಳೆ. ಸಂಜೆಯ ಹೊತ್ತಿಗೆ ದೇಹ ಹಸಿದು ಬಸವಳಿದಿರುತ್ತದೆ, ಆಗ ಒಂದು ಬೇಸರ, ಒಂದು ಜಗಳ, ಒಂದು ಪರೀಕ್ಷೆಯ ಅಂಕ ಸಾಕು, ಕಟ್ಟಳೆ ಮುರಿಯುತ್ತದೆ. ಮುರಿದ ಮೇಲೆ ಹೇಗೂ ಕೆಟ್ಟಿತು ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ತಿಂದು, ಭಯಪಟ್ಟು ವಾಂತಿ ಮಾಡಿಕೊಂಡು, ನಾಳೆ ಇನ್ನೂ ಬಿಗಿಯಾಗಿರುತ್ತೇನೆಂದು ಶಪಥ ಮಾಡುತ್ತಾರೆ. ಆ ಶಪಥವೇ ಮರುದಿನದ ಹಸಿವು. ಹಾಗಾಗಿ ‘ಇನ್ನು ಮೇಲಾದರೂ ಬಾಯಿ ಕಟ್ಟು’ ಎಂಬ ಬುದ್ಧಿಮಾತು ಈ ಕಾಯಿಲೆಯನ್ನು ಇನ್ನಷ್ಟು ಬೆಳೆಸುತ್ತದೆ.

ಮಾತೆತ್ತುವಾಗ ಊಟದ ಹೊತ್ತನ್ನೂ, ಅಜ್ಜಿ, ಅಪ್ಪ ಎದುರಿಗಿರುವ ಹೊತ್ತನ್ನೂ ಬಿಡಿ. ತೋಟದಲ್ಲಿ ಇಬ್ಬರೇ ನಡೆದಾಡುವಾಗ ಕೇಳಬಹುದು. ‘ನೀನು ವಾಂತಿ ಮಾಡುತ್ತೀಯಲ್ಲ’ ಎಂದು ಹಿಡಿದುಹಾಕುವ ಬದಲು, ‘ಊಟವಾದ ಮೇಲೆ ನಿನಗೆ ಸಂಕಟವಾಗುತ್ತದೆಯೆಂದು ನನಗನ್ನಿಸುತ್ತಿದೆ, ಹಲ್ಲಿನ ಡಾಕ್ಟರು ಹೇಳಿದ್ದು ತಲೆಯಲ್ಲೇ ಉಳಿದಿದೆ, ನಿನ್ನ ಮೇಲೆ ಸಿಟ್ಟಿಲ್ಲ’ ಎಂದು ಕಂಡದ್ದನ್ನು ಕಂಡಂತೆ ಹೇಳಿ. ಅವಳು ಅಲ್ಲಗಳೆಯಬಹುದು, ಎದ್ದು ಹೋಗಬಹುದು. ಒತ್ತಾಯಿಸದೆ ಬಿಟ್ಟು, ಕೆಲವು ದಿನಗಳ ಮೇಲೆ ಮತ್ತೆ ಕೇಳಿ. ದಪ್ಪಗಾಗಿದ್ದೀಯ, ಸಣ್ಣಗಾಗಿದ್ದೀಯ, ಈಗ ಮುಖದಲ್ಲಿ ಕಳೆ ಬಂತು ಎಂಬ ಮಾತುಗಳು ಹೊಗಳಿಕೆಯಾಗಿಯೂ ಬೇಡ. ನಮ್ಮ ಕಡೆ ನೆಂಟರು ಮನೆಗೆ ಬಂದರೆ ಕುಶಲ ವಿಚಾರಿಸುವುದಕ್ಕೆ ಮೊದಲೇ ಹೆಣ್ಣುಮಕ್ಕಳ ಮೈ ಅಳೆದು ಮಾತಾಡುತ್ತಾರೆ. ಅವರ ಬಾಯಿಗೆ ತಡೆ ಹಾಕುವುದು ತಾಯಿಯಾಗಿ ನೀವು ಮಾಡಬಹುದಾದ ದೊಡ್ಡ ಉಪಕಾರ.

ಬಚ್ಚಲಿನ ಬಾಗಿಲಲ್ಲಿ ಕಾವಲು ಕೂರುವುದು, ತಿಂಡಿ ಡಬ್ಬಿಗೆ ಬೀಗ ಹಾಕುವುದು, ಫೋನ್ ತೆಗೆದು ನೋಡುವುದು ಇವು ಫಲ ಕೊಡುವುದಿಲ್ಲ, ಗುಟ್ಟು ಇನ್ನಷ್ಟು ಆಳಕ್ಕೆ ಹೋಗುತ್ತದೆ. ಅದರ ಬದಲು ಮನೆಯಲ್ಲಿರುವಷ್ಟು ದಿನ ಬೆಳಿಗ್ಗೆಯ ತಿಂಡಿ, ಎರಡು ಊಟ, ನಡುವೆ ಎರಡು ಸಣ್ಣ ತಿಂಡಿಗಳನ್ನು ಹೊತ್ತಿಗೆ ಸರಿಯಾಗಿ ಎಲ್ಲರೂ ಸೇರಿ ತಿನ್ನುವಂತೆ ನೋಡಿಕೊಳ್ಳಿ. ಅವಳಿಗೆಂದೇ ಬೇರೆ ಅಡುಗೆ ಬೇಡ. ಊಟವಾದ ಮೇಲೆ ಒಂದು ಗಂಟೆ ಅವಳು ಒಪ್ಪಿದರೆ ಜೊತೆಗಿರಿ, ಮಾತು ಬೇರೆ ಏನಾದರೂ ಇರಲಿ. ವಾಂತಿಯಾದ ದಿನ ಕೂಡಲೇ ಹಲ್ಲುಜ್ಜಬಾರದು, ಆಮ್ಲದಿಂದ ಮೆತ್ತಗಾದ ಎನಾಮಲ್ ಬ್ರಷ್ಷಿಗೆ ಇನ್ನೂ ಸವೆಯುತ್ತದೆ. ನೀರಿನಿಂದ, ಅಥವಾ ಚಿಟಿಕೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸಿ ಒಂದು ಗಂಟೆ ಬಿಟ್ಟು ಉಜ್ಜಲಿ.

ಎಲ್ಲಿಗೆ ಹೋಗಬೇಕೆಂದರೆ, ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಿದೆ, ಅಲ್ಲಿ ಮನೋವೈದ್ಯರನ್ನು ಕಾಣಬಹುದು. ತೊಡಕಿನ ಪ್ರಕರಣವಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಆದರೆ ಇದರ ಚಿಕಿತ್ಸೆ ಒಂದೆರಡು ಭೇಟಿಗೆ ಮುಗಿಯುವುದಲ್ಲ, ವಾರವಾರವೂ ಹೋಗಬೇಕಾಗುತ್ತದೆ. ಮಗಳು ಮೈಸೂರಿನಲ್ಲಿರುವುದರಿಂದ ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯೊಂದರ ಮನೋವೈದ್ಯ ವಿಭಾಗಕ್ಕೆ ತೋರಿಸುವುದು ಮೇಲು, ರಜೆಗಾಗಿ ಕಾಯುವುದು ಬೇಡ. ಯಾರಿಗೂ ಹೇಳದೆ ಮೊದಲು ಮಾತಾಡಿ ನೋಡಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಚಿಕಿತ್ಸೆಯಲ್ಲಿ ಮುಖ್ಯವಾದುದು ಮಾತಿನ ಚಿಕಿತ್ಸೆ. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ಅವರು ರೂಪಿಸಿದ ವಿಧಾನದಲ್ಲಿ ಸಾಮಾನ್ಯವಾಗಿ 20 ವಾರಗಳಲ್ಲಿ 20 ಭೇಟಿಗಳಿರುತ್ತವೆ. ಏನು ತಿಂದೆ, ಯಾವಾಗ, ಆಗ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಆಗಿಂದಾಗ ಬರೆದಿಡುವುದು, ಎಚ್ಚರವಿರುವ ಹೊತ್ತಿನಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಹೊಟ್ಟೆ ಖಾಲಿ ಬಿಡದಿರುವುದು, ವಾರಕ್ಕೆ ಒಮ್ಮೆ ಮಾತ್ರ ತೂಕ ನೋಡುವುದು, ಹೆದರಿ ಬಿಟ್ಟಿದ್ದ ತಿನಿಸುಗಳನ್ನು ಒಂದೊಂದಾಗಿ ಮತ್ತೆ ತಟ್ಟೆಗೆ ತರುವುದು, ಹೀಗೆ ಅದು ಸಾಗುತ್ತದೆ. ಊಟ ಕ್ರಮಕ್ಕೆ ಬಂದ ಮೇಲೆ ಅತಿಯಾಗಿ ತಿನ್ನುವುದು ಎಷ್ಟೋ ಜನರಲ್ಲಿ ಮೊದಲ ಕೆಲವೇ ವಾರಗಳಲ್ಲಿ ಕಡಿಮೆಯಾಗುತ್ತದೆ. ಮೈ ಬಗೆಗಿನ ಜಿಗುಪ್ಸೆ ಇಳಿಯಲು ಹೆಚ್ಚು ಕಾಲ ಹಿಡಿಯುತ್ತದೆ. ಔಷಧಗಳಲ್ಲಿ ಫ್ಲುವೊಕ್ಸೆಟಿನ್‌ಗೆ ಒಳ್ಳೆಯ ಆಧಾರವಿದೆ. ಖಿನ್ನತೆಗೆ ದಿನಕ್ಕೆ 20 ಮಿಲಿಗ್ರಾಂ ಸಾಕಾಗುವುದುಂಟು, ಬುಲಿಮಿಯಾದಲ್ಲಿ ವೈದ್ಯರು ಹಂತಹಂತವಾಗಿ 60 ಮಿಲಿಗ್ರಾಂವರೆಗೆ ಏರಿಸುತ್ತಾರೆ. ಆದ್ದರಿಂದ ಚೀಟಿ ನೋಡಿ ಗಾಬರಿಯಾಗಬೇಡಿ. ಇದು ಚಟ ಹಿಡಿಸುವ ಮಾತ್ರೆಯಲ್ಲ; ಹಾಗೆಂದು ತಾವಾಗಿ ನಿಲ್ಲಿಸಲೂ ಬಾರದು, ಎಳೆಯರಲ್ಲಿ ಮೊದಲ ವಾರಗಳಲ್ಲಿ ಸಾಯುವ ಆಲೋಚನೆ ಹೆಚ್ಚುತ್ತದೆಯೇ ಎಂದು ಗಮನಿಸಬೇಕು. ಬುಪ್ರೊಪಿಯಾನ್ ಎಂಬ ಇನ್ನೊಂದು ಖಿನ್ನತೆಯ ಮಾತ್ರೆ ಇವರಿಗೆ ಫಿಟ್ಸ್ ತರಬಹುದಾದ್ದರಿಂದ ಅದನ್ನು ಕೊಡಬಾರದು.

ಇನ್ನೊಂದು ವಿಷಯ ನಿಮಗೆ ಇಷ್ಟವಾಗಲಿಕ್ಕಿಲ್ಲ. ಮಗಳಿಗೆ 19 ವರ್ಷ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಂತೆ ಅವಳ ಮಾತುಗಳನ್ನು ಗೌಪ್ಯವಾಗಿಡುವ ಹೊಣೆ ವೈದ್ಯರದು, ಆದ್ದರಿಂದ ಒಳಗೆ ಏನು ಮಾತಾಯಿತೆಂದು ಅವರು ನಿಮಗೆ ಹೇಳದಿದ್ದರೆ ಬೇಸರಪಡಬೇಡಿ. ಅಜ್ಜಿ ದೃಷ್ಟಿ ತೆಗೆಯುವುದಾದರೆ ತೆಗೆಯಲಿ, ಅದರಿಂದ ತೊಂದರೆಯಿಲ್ಲ. ಆದರೆ ರಕ್ತಪರೀಕ್ಷೆ ಅದಕ್ಕಾಗಿ ಒಂದು ದಿನವೂ ಮುಂದೆ ಹೋಗಬಾರದು.

ಪ್ರಶ್ನೆ: ನನಗೆ 24 ವರ್ಷ, ಕುಶಾಲನಗರದಲ್ಲಿ ಕೆಲಸ. ಮದುವೆ ಗೊತ್ತಾದ ಮೇಲೆ ತೂಕ ಇಳಿಸಲು ಕಾಚಂಪುಳಿಯನ್ನು (ಹುಳಿಹಣ್ಣಿನ ರಸ ಕುದಿಸಿ ಮಾಡುವ ಕಪ್ಪು ಹುಳಿ) ನೀರಿಗೆ ಹಾಕಿ ಕುಡಿಯಲು ಶುರುಮಾಡಿದೆ. ರಾತ್ರಿ ತಡೆಯಲಾರದೆ ತಿಂದುಬಿಟ್ಟಾಗ ಭೇದಿ ಮಾತ್ರೆ ನುಂಗುತ್ತೇನೆ. ಮೊದಲು ಒಂದು ಸಾಕಾಗುತ್ತಿತ್ತು, ಈಗ ಸಾಲುವುದಿಲ್ಲ. ವಾಂತಿ ಮಾಡುವುದಿಲ್ಲವಾದ್ದರಿಂದ ನನ್ನದು ಕಾಯಿಲೆಯಲ್ಲ ಅಂದುಕೊಂಡಿದ್ದೇನೆ. ಮಾತ್ರೆ ಬಿಟ್ಟರೆ ಕಾಲು, ಮುಖ ಊದುತ್ತದೆ, ಹೆದರಿ ಮತ್ತೆ ತೆಗೆದುಕೊಳ್ಳುತ್ತೇನೆ. ಈಚೆಗೆ ಎದ್ದು ನಿಂತರೆ ತಲೆ ಸುತ್ತುತ್ತದೆ. ಏನು ಮಾಡಲಿ?
— ಓದುಗಳು, ಉತ್ತರ ಕೊಡಗು

ಉತ್ತರ: ವಾಂತಿ ಇಲ್ಲದೆಯೂ ಬುಲಿಮಿಯಾ ಇರಬಹುದು, ಭೇದಿ ಮಾತ್ರೆಯೂ ಅದೇ ದಾರಿಯೇ. 1999ರಲ್ಲಿ ಇಂಗ್ಲೆಂಡಿನ ವೈದ್ಯರು ಐದು ಸರಳ ಪ್ರಶ್ನೆಗಳ ಒಂದು ತಪಾಸಣೆಯನ್ನು ಮುಂದಿಟ್ಟರು. ಹೊಟ್ಟೆ ತುಂಬಿ ಹಿಂಸೆಯಾಗಿ ವಾಂತಿ ಮಾಡಿಕೊಳ್ಳುತ್ತೀರಾ, ಎಷ್ಟು ತಿನ್ನುತ್ತೇನೆಂಬ ಹಿಡಿತ ತಪ್ಪಿದೆಯೆಂಬ ಚಿಂತೆಯಿದೆಯೇ, ಮೂರು ತಿಂಗಳಲ್ಲಿ ಆರು ಕಿಲೋಗಿಂತ ಹೆಚ್ಚು ಇಳಿದಿದ್ದೀರಾ, ಬೇರೆಯವರು ಸಣ್ಣ ಎನ್ನುವಾಗಲೂ ನಿಮಗೆ ನೀವು ದಪ್ಪವೆನ್ನಿಸುತ್ತದೆಯೇ, ಊಟದ ಯೋಚನೆಯೇ ಬದುಕನ್ನು ಆಳುತ್ತಿದೆಯೇ ಎಂಬುವು ಆ ಪ್ರಶ್ನೆಗಳು. ಎರಡಕ್ಕೆ ಹೌದು ಎಂದರೂ ವೈದ್ಯರನ್ನು ಕಾಣಬೇಕು. ನಿಮ್ಮ ಪತ್ರದಲ್ಲೇ ಎರಡಕ್ಕೆ ಉತ್ತರವಿದೆ.

ಭೇದಿ ಮಾತ್ರೆಯಿಂದ ತಿಂದದ್ದು ಹೊರಗೆ ಹೋಗುತ್ತದೆಂಬುದು ಭ್ರಮೆ. ಆಹಾರದ ಸಾರವನ್ನು ದೇಹ ಹೀರಿಕೊಳ್ಳುವುದು ಸಣ್ಣ ಕರುಳಿನಲ್ಲಿ. ಈ ಮಾತ್ರೆ ಕೆಲಸ ಮಾಡುವುದು ಅದರ ಮುಂದಿನ ದೊಡ್ಡ ಕರುಳಿನಲ್ಲಿ. ಅಷ್ಟು ಹೊತ್ತಿಗೆ ಹೀರಿಕೊಳ್ಳಬೇಕಾದದ್ದು ಬಹುಪಾಲು ಆಗಿಹೋಗಿರುತ್ತದೆ, ಹೊರಗೆ ಹೋಗುವುದು ನೀರು ಮತ್ತು ಲವಣ. ಬೆಳಿಗ್ಗೆ ಯಂತ್ರ ತೋರಿಸುವ ಇಳಿಕೆ ಆ ನೀರಿನದು. ಹೀಗೆ ಸದಾ ನೀರು ಕಳೆದುಕೊಳ್ಳುವ ದೇಹ ನೀರನ್ನೂ ಉಪ್ಪನ್ನೂ ಹಿಡಿದಿಟ್ಟುಕೊಳ್ಳುವ ಹಾರ್ಮೋನನ್ನು ಹೆಚ್ಚಿಸಿಕೊಂಡಿರುತ್ತದೆ, ಮಾತ್ರೆ ನಿಲ್ಲಿಸಿದಾಗ ಅದು ಕೂಡಲೇ ಇಳಿಯುವುದಿಲ್ಲ, ಅದಕ್ಕೇ ಊತ. ನೀವು ಕಂಡದ್ದು ಕೊಬ್ಬಲ್ಲ, ನೀರು. ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಊತಕ್ಕೆ ಹೆದರಿ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದುಕೊಳ್ಳಬೇಡಿ, ಪೊಟ್ಯಾಸಿಯಂ ಅದರಿಂದ ಇನ್ನೂ ಇಳಿಯುತ್ತದೆ. ಮಾತ್ರೆ ನಿಲ್ಲಿಸಲೇಬೇಕು, ಆದರೆ ಮೊದಲು ರಕ್ತಪರೀಕ್ಷೆ ಮಾಡಿಸಿ, ವೈದ್ಯರ ಕಣ್ಣಳತೆಯಲ್ಲಿ ನಿಲ್ಲಿಸಿ. ಎಷ್ಟು ಮಾತ್ರೆ ತೆಗೆದುಕೊಳ್ಳುತ್ತಿದ್ದೀರೆಂಬುದನ್ನು ಕಡಿಮೆ ಮಾಡಿ ಹೇಳಬೇಡಿ.

ಕಾಚಂಪುಳಿಯ ವಿಚಾರ. ಪಂದಿ ಕರಿಗೆ ಕೊನೆಯಲ್ಲಿ ಹಾಕುವಷ್ಟು ಕಾಚಂಪುಳಿಯಿಂದ ಯಾರಿಗೂ ಕೆಡುಕಿಲ್ಲ. ಅದೇ ಹಣ್ಣಿನ ಸಾರವನ್ನು ಗಾರ್ಸೀನಿಯಾ ಎಂಬ ಹೆಸರಿನಲ್ಲಿ ತೂಕ ಇಳಿಸುವ ಕ್ಯಾಪ್ಸೂಲುಗಳಾಗಿ ದೇಶವಿದೇಶಗಳಲ್ಲಿ ಮಾರುತ್ತಾರೆ, ಅದನ್ನು ಕೇಳಿಯೇ ನಮ್ಮವರು ಮನೆಯ ಶೀಶೆಯತ್ತ ತಿರುಗಿರುವುದು. ಅದರಿಂದ ಗಣನೀಯವಾಗಿ ತೂಕ ಇಳಿಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಅಂಥ ಕ್ಯಾಪ್ಸೂಲು ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಮಾತ್ರ ವೈದ್ಯಕೀಯ ದಾಖಲೆಗಳಲ್ಲಿವೆ. ದಿನವೂ ಅಷ್ಟು ಹುಳಿ ಕುಡಿದರೆ ಹಲ್ಲಿಗೂ ಕೆಡುಕು.

ತಲೆ ಸುತ್ತುವುದನ್ನು ಹಗುರಾಗಿ ತೆಗೆದುಕೊಳ್ಳಬೇಡಿ, ಈ ವಾರವೇ ವೈದ್ಯರನ್ನು ಕಾಣಿ. ಪ್ರಜ್ಞೆ ತಪ್ಪುವುದು, ಎದೆ ಡವಡವನೆ ಹೊಡೆದುಕೊಳ್ಳುವುದು, ಕೈಕಾಲಿನ ಬಲ ಸೋತು ಸೆಳೆತ ಬರುವುದು, ಮಲದಲ್ಲಿ ರಕ್ತ, ಸಾಯಬೇಕೆನ್ನಿಸುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವುದನ್ನು ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಬೇಕು. ಎಳನೀರು, ಬಾಳೆಹಣ್ಣು ತಿಂದು ಸರಿಮಾಡಿಕೊಳ್ಳುವ ಹಂತ ಅದಲ್ಲ. ಮದುವೆಯ ದಿನಕ್ಕೆ ಇಂತಿಷ್ಟು ಕಿಲೋ ಎಂಬ ಗುರಿಯನ್ನು ಕೈಬಿಡಿ ಎಂದರೆ ನಿಮಗೆ ಕಷ್ಟವೆಂದು ಬಲ್ಲೆ. ರವಿಕೆಯನ್ನು ಹೊಲಿಗೆಯವರು ಬಿಚ್ಚಿ ಸರಿಮಾಡಬಲ್ಲರು.

ಪ್ರಶ್ನೆ: ತಮ್ಮನಿಗೆ 16. ಕೌಟುಂಬಿಕ ಹಾಕಿ ಉತ್ಸವದಲ್ಲಿ ಈ ಸಲ ನಮ್ಮ ಒಕ್ಕದ ತಂಡಕ್ಕೆ ಆಡಲಿದ್ದಾನೆ. ತರಬೇತಿ ಕೊಡುವವರು ಎಲ್ಲರೆದುರು ಭಾರ ಹೆಚ್ಚಾಯಿತು ಎಂದ ಮೇಲೆ ಹಗಲು ಸರಿಯಾಗಿ ತಿನ್ನುವುದಿಲ್ಲ, ರಾತ್ರಿ ವಿಪರೀತ ತಿನ್ನುತ್ತಾನೆ, ಮರುದಿನ ಜ್ವರವಿದ್ದರೂ ಮಳೆಯಿದ್ದರೂ ಗಂಟೆಗಟ್ಟಲೆ ಓಡುತ್ತಾನೆ. ಇದು ಹೆಣ್ಣುಮಕ್ಕಳ ಕಾಯಿಲೆಯಲ್ಲವೇ?
— ಅಕ್ಕ, ನಾಪೋಕ್ಲು ಕಡೆಯಿಂದ

ಉತ್ತರ: ಹೆಣ್ಣುಮಕ್ಕಳಲ್ಲಿ ಹೆಚ್ಚು, ಆದರೆ ಗಂಡುಮಕ್ಕಳಲ್ಲಿಯೂ ಇದೆ. ಕೇಳುವವರಿಲ್ಲದೆ ಹೇಳುವವರೂ ಇಲ್ಲವಾಗಿದ್ದಾರೆ. ತಿಂದದ್ದನ್ನು ತೀರಿಸಲು ಮೈಯಲ್ಲಿ ಆಗದಿದ್ದರೂ ಓಡುವುದು ವಾಂತಿಯ ಸ್ಥಾನವನ್ನೇ ತುಂಬುತ್ತದೆ. ಕ್ರೀಡೆಯಲ್ಲಿ ಅದು ಶ್ರದ್ಧೆಯಂತೆ ಕಾಣುವುದರಿಂದ ಶಭಾಷ್ ಎನ್ನಿಸಿಕೊಳ್ಳುವುದೂ ಉಂಟು. 1997ರಲ್ಲಿ ಕರಡದಲ್ಲಿ ಆರಂಭವಾದ ಈ ಉತ್ಸವದಲ್ಲಿ ಅಜ್ಜಂದಿರೂ ಮೊಮ್ಮಕ್ಕಳೂ ಒಂದೇ ತಂಡದಲ್ಲಿ ಆಡಿದ್ದನ್ನು ನೋಡಿದವನಾಗಿ, ಅಲ್ಲಿಗೂ ಕಿಲೋಗ್ರಾಂ ಲೆಕ್ಕ ಬಂದದ್ದು ನನಗೆ ಸರಿಕಾಣುವುದಿಲ್ಲ.

ತಮ್ಮನಿಗಿನ್ನೂ 18 ಆಗಿಲ್ಲವಾದ್ದರಿಂದ ಇಲ್ಲಿ ಅಪ್ಪ ಅಮ್ಮನ ಪಾತ್ರ ದೊಡ್ಡದು. ಈ ವಯಸ್ಸಿನವರಿಗೆ ಕುಟುಂಬವನ್ನೇ ಜೊತೆಗಿಟ್ಟುಕೊಂಡು ಮಾಡುವ ಚಿಕಿತ್ಸೆಯನ್ನು ಮೊದಲು ಯೋಚಿಸುತ್ತಾರೆ. ಸುಮಾರು ಆರು ತಿಂಗಳ ಅವಧಿಯಲ್ಲಿ ಹೆತ್ತವರು ಅವನ ಊಟದ ಹೊತ್ತು, ಪ್ರಮಾಣವನ್ನು ಅವನೊಂದಿಗೆ ಸೇರಿ ನೋಡಿಕೊಂಡು, ಕ್ರಮೇಣ ಅವನಿಗೇ ಬಿಟ್ಟುಕೊಡುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ದಿನವೂ ಆಡುವ ಹುಡುಗನಿಗೆ ಊಟ ಕಡಿಮೆಯಾದರೆ ಮೂಳೆ ಸೋಲುತ್ತದೆ, ಗಾಯ ಮಾಯುವುದು ತಡವಾಗುತ್ತದೆ, ಆಟವೂ ಕುಗ್ಗುತ್ತದೆ. ಈ ಮಾತನ್ನು ಆರೋಗ್ಯದ ಬೆದರಿಕೆಯಾಗಿ ಹೇಳುವುದಕ್ಕಿಂತ ಆಟದ ಲೆಕ್ಕದಲ್ಲಿ ಹೇಳಿದರೆ ಅವನಿಗೆ ಬೇಗ ನಾಟಬಹುದು. ತರಬೇತುದಾರರ ಬಳಿ ಅಪ್ಪ ಒಬ್ಬರೇ ಹೋಗಿ, ತೂಕದ ಮಾತನ್ನು ಇನ್ನು ಮೈದಾನದಲ್ಲಿ ಎತ್ತಬೇಡಿ ಎಂದು ಕೇಳಿಕೊಳ್ಳಲಿ. ಪಂದ್ಯಗಳಿಗೆ ಮುಂಚೆ ರಕ್ತಪರೀಕ್ಷೆಯೂ ಇಸಿಜಿಯೂ ಆಗಿರಲಿ. ಪೊಟ್ಯಾಸಿಯಂ ಕಡಿಮೆಯಿದ್ದರೆ ಅದು ಸರಿಹೋಗಿ ವೈದ್ಯರು ಒಪ್ಪಿಗೆ ಕೊಡುವವರೆಗೆ ಅವನು ಮೈದಾನಕ್ಕೆ ಇಳಿಯುವುದು ಬೇಡ, ತಂಡಕ್ಕೆ ಒಬ್ಬ ಆಟಗಾರ ಕಡಿಮೆಯಾದರೂ ಸರಿ.